ಎಡಗಡೆ ಸೀಟಿನ ತೂಕ

ಟೆಂಡರ್ ಇಲ್ಲದ ದಿನ ನೋಡಿ
ತಿಪಟೂರಿನ ಮಂಡಿಯಿಂದ ಕೊಬ್ಬರಿ ತೂಗುವ
ನಾಲ್ಕು ಸ್ಕೇಲುಗಳನ್ನು ಕಡ ತಂದೆವು.
ಸಾಹುಕಾರ್ ತೋಂಟದಾರ್ಯರು ಕನ್ನಡಕ ಎತ್ತಿ ಕೇಳಿದರು:
"ಗುಜರಿಗೆ ಹಾಕ್ತೀಯೇನಮ್ಮ ಕಾರು?"
ಇಲ್ಲ, ಸ್ಪ್ರಿಂಗ್ ಆರಿಸಬೇಕು ಅಂದೆ.
ಹದಿನೆಂಟು ವರ್ಷ ಅವರ ಖಾತೆ ಬರೆದಿದ್ದೇನೆ.
ನನ್ನ ಲೆಕ್ಕ ಅವರ ತಲೆಗೆ ಹತ್ತದ್ದು ಅವತ್ತೇ ಮೊದಲು.

ಹಳೇ ಗಾಡಿ. ಎರಡೇ ಸೀಟು, ಫೈಬರ್ ಮೈ,
ಕೂತರೆ ರಸ್ತೆ ಕೈಗೆ ಸಿಗುವಷ್ಟು ತಗ್ಗು.
ಹಾಲ್ಕುರಿಕೆ ದಾರಿಯ ತಿರುವಿನಲ್ಲಿ ಬಾಗುತ್ತದೆ,
ಬಾಗಿದ್ದು ಏಳಲೋ ಬೇಡವೋ ಎಂದು ಯೋಚಿಸುತ್ತದೆ.
ಹಂಪು ದಾಟಿ ಮಾರು ದೂರ ಹೋದರೂ
ತಲೆಯಾಡಿಸುತ್ತಲೇ ಇರುತ್ತದೆ,
ಸಾಲ ಕೊಡುವ ಮನಸ್ಸಿಲ್ಲದವರು
ಹೂಂ ಹೂಂ ಅನ್ನುತ್ತಾರಲ್ಲ, ಹಾಗೆ.

ದಸ್ತಗೀರ್ ಡ್ಯಾಂಪರ್ ಬಿಚ್ಚಿ ನನ್ನ ಕೈಗೇ ಕೊಟ್ಟ.
ಒತ್ತಿದೆ, ರಾಡು ಒಳಗೆ ಹೋಯಿತು. ಎಳೆದೆ, ಬಂತು.
ತಂಟೆಯಿಲ್ಲ, ತಕರಾರಿಲ್ಲ.
"ಇದ್ರಾಗೆ ಎಣ್ಣೆ ಇಲ್ಲ ಅಕ್ಕ, ಬರೀ ಹೆಸ್ರೈತೆ."

ಆಮೇಲೆ ಟೀ ಕುಡಿಯುತ್ತ ಹೇಳಿದ:
ಸ್ಪ್ರಿಂಗಿಗೆ ಮರೆವಿಲ್ಲ.
ತುಳಿದದ್ದನ್ನು ಎದ್ದು ಹೇಳುತ್ತದೆ,
ಹೇಳಿದ್ದನ್ನೇ ಮತ್ತೆ ಹೇಳುತ್ತದೆ.
ಸಾಕು ಬಿಡು ಅನ್ನುವುದಕ್ಕೆ ಪಕ್ಕದಲ್ಲಿ ಇನ್ನೊಂದು ಬೇಕು.
ಇದು ಅವನು ಹೇಳಿದ್ದೋ,
ಮನೆಗೆ ಬರುತ್ತ ನಾನು ಕಟ್ಟಿಕೊಂಡದ್ದೋ, ಈಗ ನೆನಪಿಲ್ಲ.

ಬೆಂಚಿನ ಮೇಲೆ ಮೂರು ಸೆಟ್ಟು.
ಕೊಯಮತ್ತೂರಿನ ಹಳದಿಯವು ಗಟ್ಟಿ,
ಕಾರನ್ನು ಎರಡು ಬೆರಳು ಇಳಿಸುತ್ತವೆ,
ಮಾತೆತ್ತಿದರೆ ಬೆನ್ನಿಗೇ ಬರುತ್ತವೆ.
ಪುಣೆಯ ಕರಿಯವು ಕಂಪನಿ ಕೊಟ್ಟದ್ದರ ತದ್ರೂಪು, ಮೊದಲಿನದೇ ಕಥೆ.
ಇನ್ನೊಂದರ ಊರು ಗೊತ್ತಿಲ್ಲ, ಹಾಳೆ ಕಳೆದಿದೆ.
ಒಂದು ತುದಿಯಲ್ಲಿ ಸುತ್ತು ಒತ್ತೊತ್ತಾಗಿ,
ಇನ್ನೊಂದು ತುದಿಗೆ ಬಿಡಿಬಿಡಿ,
ಒರಳು ಒತ್ತುವ ಕೈ ಸೋತಾಗ ಬಿದ್ದ ಚಕ್ಕುಲಿ.
ಸಣ್ಣ ಗುಂಡಿಗೆ ಮೆತ್ತಗೆ, ದೊಡ್ಡದಕ್ಕೆ ಬಿಗಿ.

ಗಾರೆಯವರ ನೀರಿನ ಪೈಪು ಹಿಡಿದು ಮಟ್ಟ ನೋಡಿ
ನಾಲ್ಕು ಗಾಲಿಯನ್ನು ನಾಲ್ಕು ಸ್ಕೇಲಿಗೆ ಹತ್ತಿಸಿದೆವು.
ಸ್ಟೀರಿಂಗ್ ಹಿಂದೆ ನನ್ನ ಬದಲು ಕೊಬ್ಬರಿ ಮೂಟೆ,
ಅರವತ್ತಮೂರು ಕಿಲೋ.
ಅವತ್ತಿನ ದರಕ್ಕೆ ಗುಣಿಸಿ ನೋಡಿಕೊಂಡೆ.
ಪರವಾಗಿಲ್ಲ ನಾನು.

"ಎಡಗಡೆ ಸೀಟಿಗೆ ಎಷ್ಟಾಕ್ಲಿ? ಖಾಲೀನಾ?
ಒಬ್ರೇ ಓಡ್ಸೋದಾದ್ರೆ ಹಳದೀನೇ ಸರಿ."

ಗಂಡ ಈ ಕಾರಿಗೆ ಕೂರುವುದಿಲ್ಲ, ಮಂಡಿ ಗದ್ದಕ್ಕೆ ತಾಗುತ್ತದಂತೆ.
ಕೂರುವವರು ಅತ್ತೆ.
ಒಂದು ಸಲ ಬೇರೆ ಗಾಡಿ ಸಿಗದೆ ಆಸ್ಪತ್ರೆಗೆ ಕರೆದೊಯ್ದಿದ್ದೆ,
ಅಂದಿನಿಂದ ಭಾನುವಾರ ಸಂಜೆ ಐದಕ್ಕೆ
ಸ್ವೆಟರ್ ತೊಟ್ಟು ಜಗಲಿಯಲ್ಲಿ ತಯಾರು.
ಚೆನ್ನಾಗಿದೆ ಅಂತ ಒಂದು ದಿನ ಅಂದವರಲ್ಲ.
"ಹಿಂದ್ಗಡೆ ಬಲದ ಗಾಲಿ ಗೊಣಗ್ತೈತೆ ಕಣೆ" ಅನ್ನುತ್ತಾರೆ.
ಸವೆದ ಬೆನ್ನುಮೂಳೆ ಅದು,
ದಸ್ತಗೀರನ ಯಾವ ಮೀಟರೂ ಅದಕ್ಕೆ ಸಾಟಿಯಿಲ್ಲ.

ಅವರ ಲೆಕ್ಕಕ್ಕೆ ಇನ್ನೊಂದು ಮೂಟೆ ತರಿಸಿದರೆ ಸಿಟ್ಟಾದರು.
"ಬದುಕಿದೀನಲ್ಲ, ನನ್ನ ಬದ್ಲು ಕೊಬ್ರಿ ಯಾಕೆ?"
ಸೆರಗು ಸಿಕ್ಕಿಸಿ ಕೂತೇಬಿಟ್ಟರು. ನಲವತ್ತೊಂದು.
ಹಮಾಲಿ ಹುಡುಗನನ್ನು ಬೈಯಲು ತಿರುಗಿದಾಗೆಲ್ಲ
ಮುಂದಿನ ಸ್ಕೇಲಿನಿಂದ ಹಿಂದಿನದಕ್ಕೆ
ಮೂರು ಕಿಲೋ ಓಡುತ್ತಿತ್ತು.

ಚಕ್ಕುಲಿಯನ್ನೇ ಆರಿಸಿದೆವು.
ಹೊಸ ಡ್ಯಾಂಪರಿನ ಕೆಳತುದಿಗೆ ತಿರುಪು, ಹದಿನಾರು ಟಿಕ್ಕು.
ಅತ್ತೆಯ ತೊಡೆಯ ಮೇಲೆ ಕಂಠಮಟ್ಟ ಮಜ್ಜಿಗೆಯ ಚೊಂಬು.
ನಿಲ್ಲಿಸುವುದು, ಮೊಣಕಾಲೂರುವುದು,
ಒಂದು ಟಿಕ್ಕು, ಮತ್ತೆ ಹೊರಡುವುದು.
ಏಳಕ್ಕೆ ಸೀರೆ ಒದ್ದೆಯಾಗಲಿಲ್ಲ.
ಏಳು ಅಂತ ದಸ್ತಗೀರ್ ಸುಣ್ಣದ ಕಡ್ಡಿಯಲ್ಲಿ ಗೋಡೆಗೆ ಬರೆದ.

ಏಳು ಅವರದು. ನನ್ನದು ಹನ್ನೊಂದು.
ಒಬ್ಬಳೇ ಹೊರಟ ಬೆಳಗ್ಗೆ ನಾಲ್ಕು ಟಿಕ್ಕು ಬಿಗಿ ಮಾಡುತ್ತೇನೆ,
ಹೊನ್ನವಳ್ಳಿಯ ತನಕ ತಿರುವುಗಳು ಗೆರೆ ಕೊರೆದ ಹಾಗೆ ಬರುತ್ತವೆ.
ವಾಪಸ್ಸು ಬಂದು ಗಾಲಿ ಗಾಲಿಗೂ ಎಣಿಸಿ ಸಡಿಲಿಸುತ್ತೇನೆ.

ಹೋದ ಭಾನುವಾರ ರೈಲ್ವೆ ಗೇಟು ದಾಟುತ್ತಲೇ
ಅತ್ತೆ ಒಮ್ಮೆ ಅಲುಗಾಡಿ ಕೂತರು.
"ಎಡಗಡೆ ಮುಂದೆ ಒಂದು ಹೆಚ್ಚೈತೆ" ಅಂದರು.
ಸ್ವಲ್ಪ ಹೊತ್ತು ಬಿಟ್ಟು,
"ಎಲ್ಲೀಗಂಟ ಹೋಗಿದ್ದೆ?"